ತ್ರಿಶಂಕುವಿನ ಕೆಳಗೊಂದು ಬೆಳಕಿನ ಗೆರೆ

ನಾನು ಕ್ಯಾಮೆರಾ ಅಲ್ಲ, ಕ್ಯಾಮೆರಾದ ಮುಂದೆ ಕೂರುವ ಲೆನ್ಸು. ಈ ವ್ಯತ್ಯಾಸವನ್ನು ಯಾರೂ ಮಾಡುವುದಿಲ್ಲ. ಫೋಟೋ ಚೆನ್ನಾಗಿ ಬಂದರೆ ಕ್ಯಾಮೆರಾ ಭಾರಿ ಒಳ್ಳೆಯದು ಎನ್ನುತ್ತಾರೆ, ಮಸುಕಾಗಿ ಬಂದರೆ ಲೆನ್ಸಿಗೆ ಬೂಷ್ಟು ಹಿಡಿದಿದೆ ಎನ್ನುತ್ತಾರೆ. ಐವತ್ತು ವರ್ಷ ಇದನ್ನೇ ಕೇಳಿದ್ದೇನೆ. ಈಗ ನಿಜವಾಗಿಯೂ ಬೂಷ್ಟು ಹಿಡಿದಿದೆ, ಹಾಗಾಗಿ ಜಗಳಕ್ಕೆ ಹೋಗುವುದಿಲ್ಲ.

ನಾನು ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸರು ಆರು ಗಾಜುಗಳನ್ನು ಉಜ್ಜಿ ನಯಮಾಡಿ, ಒಂದರ ಹಿಂದೊಂದು ಕೂರಿಸಿ, ಲೋಹದ ಕೊಳವೆಯೊಳಗೆ ಬಿಗಿದರು. ಮೈಮೇಲೆ ಎರಡು ಬಳೆ ತೊಡಿಸಿದರು. ಒಂದನ್ನು ತಿರುಗಿಸಿದರೆ ದೂರದ್ದೋ ಹತ್ತಿರದ್ದೋ ಸ್ಪಷ್ಟವಾಗುತ್ತದೆ. ಇನ್ನೊಂದನ್ನು ತಿರುಗಿಸಿದರೆ ನನ್ನ ಕಣ್ಣುಪಾಪೆ ಹಿಗ್ಗುತ್ತದೆ, ಕುಗ್ಗುತ್ತದೆ. ಮೊದಲನೆಯ ಬಳೆಯ ತುದಿಯಲ್ಲಿ ಅಡ್ಡ ಮಲಗಿಸಿದ ಎಂಟರಂಥ ಗುರುತೊಂದಿದೆ. ಅದಕ್ಕೆ ಅನಂತ ಎಂದು ಹೆಸರು. ಮದುವೆಮನೆಯ ಫೋಟೋಗ್ರಾಫರನಿಗೆ ಅನಂತದ ಗೊಡವೆ ಇರುವುದಿಲ್ಲ. ಅವನಿಗೆ ಬೇಕಾದದ್ದು ಆರು ಅಡಿ ದೂರದ ಮದುಮಗಳು.

ಮುಂಬಯಿಗೆ ಬಂದು, ಅಲ್ಲಿಂದ ನಾನು ಸೇರಿದ್ದು ಕೊಪ್ಪಳ ಸೀಮೆಯ ಒಂದು ತಾಲ್ಲೂಕು ಊರಿಗೆ, ಮೌನೇಶ ಬಡಿಗೇರ ಎಂಬುವರ ಸ್ಟುಡಿಯೋಕ್ಕೆ. ಇಪ್ಪತ್ತೆಂಟು ವರ್ಷ ಅವರ ಕೈಯಲ್ಲಿದ್ದೆ. ಮದುವೆಯ ಅಕ್ಕಿಕಾಳು ನೋಡಿದೆ, ತೊಟ್ಟಿಲು ನೋಡಿದೆ, ಪರೀಕ್ಷೆಯ ಅರ್ಜಿಗೆ ಅಂಟಿಸುವ ಹೆದರಿದ ಮುಖಗಳನ್ನು ಸಾವಿರಗಟ್ಟಲೆ ನೋಡಿದೆ. ಆ ಕಡೆ ಕೆಲವು ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥ ಕರೆ ಬಂದರೆ ಮೌನೇಶಪ್ಪ ಊಟ ಬಿಟ್ಟು ಏಳುತ್ತಿದ್ದರು. ಮದುವೆಯ ಫೋಟೋ ಕೆಟ್ಟರೆ ಬೈಸಿಕೊಂಡು ಸುಮ್ಮನಾಗಬಹುದು, ಇದು ಕೆಟ್ಟರೆ ಮತ್ತೆ ತೆಗೆಯಲು ಬರುವುದಿಲ್ಲ ಎನ್ನುತ್ತಿದ್ದರು.

ಆಮೇಲೆ ರೀಲಿನ ಕಾಲ ಮುಗಿಯಿತು. ಮೌನೇಶಪ್ಪ ಫ್ಲೆಕ್ಸ್ ಮುದ್ರಿಸುವ ಯಂತ್ರ ತಂದರು, ನಾನು ಗಾಜಿನ ಕಪಾಟು ಸೇರಿದೆ. ಪಕ್ಕದಲ್ಲಿ ಒಂದು ಸತ್ತ ಗಡಿಯಾರ, ಒಂದು ಪ್ಲಾಸ್ಟಿಕ್ ಗುಲಾಬಿ. ಹದಿನೈದು ವರ್ಷ ಅಲ್ಲಿ ಕೂತು ರಸ್ತೆ ನೋಡಿದೆ. ಮುದುಕರಿಗೆ ಕೊಡುವ ಗೌರವ ಇದು, ಒರೆಸುವುದೂ ಇಲ್ಲ, ಎಸೆಯುವುದೂ ಇಲ್ಲ.

ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಪ್ರಾಣೇಶ ದೇಸಾಯಿ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದರು, ಇದ್ದ ಒಂದೇ ಹುಚ್ಚು ಆಕಾಶದ್ದು. ಹೈದರಾಬಾದಿನ ಒಬ್ಬರಿಂದ ನಕ್ಷತ್ರಗಳ ಫೋಟೋಕ್ಕೆಂದೇ ಮಾಡಿದ ಕ್ಯಾಮೆರಾ ತರಿಸಿದ್ದರು. ಅದನ್ನು ನೋಡಿ ನಾನು ಮೊದಲು ನಕ್ಕೆ. ಗುಂಡಿ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಹಿಂದೆ ಪರದೆ ಇಲ್ಲ. ಕೆಂಪು ಬಣ್ಣದ ಒಂದು ಗುಂಡು ಡಬ್ಬಿ, ಬೆನ್ನಿಗೊಂದು ಪುಟ್ಟ ಫ್ಯಾನು. ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದರೆ ಮಾತ್ರ ಜೀವ. ಆದರೆ ಅದು ತನ್ನ ಎದೆಯನ್ನು ಮಂಜುಗಡ್ಡೆಗಿಂತ ತಣ್ಣಗೆ ಮಾಡಿಕೊಂಡು, ನಕ್ಷತ್ರಗಳ ಜೊತೆ ಮೆಲ್ಲಗೆ ತಿರುಗುವ ಸ್ಟ್ಯಾಂಡಿನ ಮೇಲೆ ಮೂರು ಮೂರು ನಿಮಿಷ ಕಣ್ಣು ಮಿಟುಕಿಸದೆ ಕೂರುತ್ತಿತ್ತು. ಅದಕ್ಕೆ ದೂರದರ್ಶಕ ಜೋಡಿಸಿದರೆ ಆಕಾಶದ ಚೂರೊಂದು ಮಾತ್ರ ಕಾಣುತ್ತದೆ, ಕೋಣೆಯನ್ನು ಬೀಗದ ತೂತಿನಿಂದ ನೋಡಿದ ಹಾಗೆ. ದೇಸಾಯಿಯವರಿಗೆ ಇಡೀ ನಕ್ಷತ್ರಪುಂಜ ಒಂದೇ ಚೌಕಟ್ಟಿನಲ್ಲಿ ಬೇಕಿತ್ತು. ಅದಕ್ಕೆ ನನ್ನಂಥ ಸಾದಾ ಲೆನ್ಸೇ ಸರಿ.

ಇಬ್ಬರನ್ನೂ ಕೂಡಿಸುವುದು ಸುಲಭವಿರಲಿಲ್ಲ. ಹುಟ್ಟುವಾಗಲೇ ನನಗೆ ಗೊತ್ತುಮಾಡಿದ ಅಂತರವೊಂದಿದೆ. ನನ್ನ ಹಿಂದೆ ರೀಲು ಅಷ್ಟೇ ದೂರದಲ್ಲಿರಬೇಕು, ಕೂದಲಷ್ಟು ಹೆಚ್ಚುಕಡಿಮೆಯಾದರೂ ನಾನು ಕುರುಡ. ಆ ಅಂತರ ಹೊಂದಿಸಿಕೊಟ್ಟವರು ರಾಜಾಸಾಬರು, ಬಸ್ ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರ್ ಬ್ಯಾಟರಿ ರಿಪೇರಿ ಮಾಡುವವರು, ದೇಸಾಯಿಯವರ ಹಳೆಯ ಗೆಳೆಯರು. ಲೇತಿನಲ್ಲಿ ಅಲ್ಯೂಮಿನಿಯಮ್ಮಿನ ಉಂಗುರ ಕಡೆಸಿ ತಂದರು. ಅದು ಸಾಲದೆ ತಂಪು ಪಾನೀಯದ ಡಬ್ಬಿಯ ತಗಡನ್ನು ಬಳೆಯಂತೆ ಕತ್ತರಿಸಿ, ಒಂದೊಂದೇ ಸೇರಿಸಿ ನೋಡಿದರು. ಮೂರನೆಯ ಬಳೆಗೆ ನಕ್ಷತ್ರಗಳು ಸೂಜಿಮೊನೆಯಾದವು. ಕಣ್ಣು ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುತ್ತಿತ್ತು, ಅದಕ್ಕೆ ನನ್ನ ಪಾಪೆಯನ್ನು ಎರಡು ಗೆರೆ ಕಿರಿದು ಮಾಡಿದರು. ಅನಂತದ ಗುರುತಿಗೆ ತಿರುಗಿಸಿದರೆ ಅನಂತ ಸಿಗುವುದಿಲ್ಲ, ಅದಕ್ಕಿಂತ ಒಂದು ಚೂರು ಹಿಂದೆ ಇರುತ್ತದೆ ಎಂಬುದು ನನಗೂ ಆಗಲೇ ತಿಳಿದದ್ದು. ಆ ಜಾಗ ಸಿಕ್ಕಿದ ಕೂಡಲೇ ರಾಜಾಸಾಬರು ಕರಿಯ ವಯರಿಂಗ್ ಟೇಪು ಸುತ್ತಿ ನನ್ನ ಬಳೆಯನ್ನು ಬಿಗಿದುಬಿಟ್ಟರು. ಇಬ್ಬನಿ ಕೂರದಂತೆ ಕೊರಳಿಗೆ ಬಿಸಿ ಪಟ್ಟಿ ಕಟ್ಟಿದರು. ಮದುಮಗಳ ಕಾಲದಲ್ಲೂ ನನಗೆ ಅಷ್ಟು ಉಪಚಾರ ಸಿಕ್ಕಿರಲಿಲ್ಲ.

ತಿಂಗಳಿಗೊಮ್ಮೆ ಅಮಾವಾಸ್ಯೆಗೆ ಊರಿನಿಂದ ಹನ್ನೆರಡು ಕಿಲೋಮೀಟರ್ ದೂರದ ಕಲ್ಲುಗುಡ್ಡಕ್ಕೆ ಹೋಗುತ್ತಿದ್ದೆವು. ಅಮಾವಾಸ್ಯೆಗೆ ಗುಡ್ಡ ಹತ್ತುವ ಈ ಇಬ್ಬರ ಬಗ್ಗೆ ಸುತ್ತಲಿನ ಹಳ್ಳಿಯವರು ಏನೇನೋ ಆಡಿಕೊಳ್ಳುತ್ತಿದ್ದರು, ನಿಧಿ ಎಂದೂ ಮಾಟ ಎಂದೂ. ಹೆದರದೆ ಹತ್ತಿರ ಬಂದವನು ಯಂಕೋಬ ಒಬ್ಬನೇ. ಗುಡ್ಡದ ತೆಂಕಣ ದಿಬ್ಬದಲ್ಲಿ ನಿಂತುಹೋದ ಒಂದು ಕಲ್ಲುಕ್ವಾರಿ ಇತ್ತು. ಎಂಬತ್ತು ಅಡಿ ಆಳ, ತಳದಲ್ಲಿ ಹಸಿರು ನೀರು. ಅಲ್ಲಿ ಉಳಿದ ಯಂತ್ರಗಳಿಗೆ ಯಂಕೋಬ ಕಾವಲುಗಾರ. ರಾತ್ರಿಯೆಲ್ಲ ಒಂಟಿಯಾಗಿರುವ ಮನುಷ್ಯ, ನಮ್ಮ ಕೆಂಪು ದೀಪ ಕಂಡರೆ ಕ್ವಾರಿಯ ಅಂಚಿನ ಹಾದಿ ಹಿಡಿದು ಮಾತಿಗೆ ಬರುತ್ತಿದ್ದ. ಬಿಳಿ ಬೆಳಕು ಬಿದ್ದರೆ ಫೋಟೋ ಹಾಳು ಎಂದು ಮೊದಲ ಸಲವೇ ಬೈಸಿಕೊಂಡಿದ್ದ. ಮುಂದೆ ದಿಬ್ಬದಾಚೆಯೇ ಟಾರ್ಚ್ ಆರಿಸಿ, ಕತ್ತಲಲ್ಲೇ ನಗುತ್ತ ಬರುತ್ತಿದ್ದ.

"ಈ ಹಾದಿ ನನ್ನ ಕಾಲಿಗೇ ಗೊತ್ತೈತ್ರಿ ಸರ. ಕಣ್ಣು ಬೇಕಾಗಿಲ್ಲ," ಎನ್ನುತ್ತಿದ್ದ.

ದೇಸಾಯಿಯವರ ದೊಡ್ಡ ಆಸೆ ತ್ರಿಶಂಕು. ನಾಲ್ಕು ನಕ್ಷತ್ರಗಳ ಆ ಪುಟ್ಟ ಪುಂಜ, ಬಲಕ್ಕೆ ಬರಿಗಣ್ಣಿಗೆ ಬಣ್ಣ ಕಾಣದ ಒಂದು ಕೆಂಪು ನೀಹಾರಿಕೆ, ಎರಡೂ ಒಂದೇ ಫೋಟೋದಲ್ಲಿ ಬರಬೇಕು. ದಿಲ್ಲಿಯ ಕಡೆಯವರಿಗೆ ತ್ರಿಶಂಕು ಪೂರ್ತಿ ಕಾಣುವುದೇ ಇಲ್ಲ. ನಮಗೂ ಅದು ತೆಂಕಣ ಅಂಚಿನಲ್ಲಿ ಒಂದಿಷ್ಟು ಮೇಲೆದ್ದು, ಎರಡೂವರೆ ತಾಸು ಫೋಟೋಕ್ಕೆ ಸಿಗುವಷ್ಟು ಎತ್ತರದಲ್ಲಿದ್ದು, ಇಳಿದುಬಿಡುತ್ತದೆ. ಅದೂ ಬೇಸಗೆಯ ಮೊದಲ ಅಮಾವಾಸ್ಯೆಗಳಲ್ಲಿ ಮಾತ್ರ. ಎರಡು ವರ್ಷ ಮೋಡ ಕೆಡಿಸಿತ್ತು. ಮೂರನೆಯ ವರ್ಷ ಯುಗಾದಿ ಅಮಾವಾಸ್ಯೆಯ ದಿನ ಆಕಾಶ ತೊಳೆದಿಟ್ಟಂತೆ ಇತ್ತು.

ಅಷ್ಟು ತಗ್ಗಿನಲ್ಲಿ ನೋಡುವಾಗ ನನ್ನ ಚೌಕಟ್ಟಿನ ಕೆಳಗಂಚಿಗೆ ನೆಲವೂ ಬರುತ್ತದೆ. ಆಕಾಶದ ಕೆಳಗೆ ಕ್ವಾರಿಯ ದಿಬ್ಬ, ದಿಬ್ಬದ ಮೇಲೆ ಅಂಚಿನ ಹಾದಿ. ದೂರದರ್ಶಕವಾಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ನಾನು ಅಗಲಕಣ್ಣಿನವನು, ಬೇಕಾದದ್ದನ್ನೂ ಬೇಡವಾದದ್ದನ್ನೂ ಕೂಡಿಯೇ ನೋಡುತ್ತೇನೆ.

ಮೂರು ನಿಮಿಷಕ್ಕೊಂದರಂತೆ ಐವತ್ತು ಫ್ರೇಮು ತೆಗೆಯಬೇಕೆಂದು ಲೆಕ್ಕ ಹಾಕಿದ್ದರು. ಇಪ್ಪತ್ತು ಚೆನ್ನಾಗಿ ಬಂದವು. ಇಪ್ಪತ್ತೊಂದರಲ್ಲಿ ದಿಬ್ಬದ ಮೇಲೆ ಬಿಳಿ ಬೆಳಕು ಕಾಣಿಸಿತು. ಇಪ್ಪತ್ತೆರಡರಲ್ಲಿ ಅದು ಇನ್ನಷ್ಟು ಹತ್ತಿರವಾಯಿತು. ಮೊದಲಿನಂತೆ ದಿಬ್ಬದಾಚೆಯೇ ಆರಿರಲಿಲ್ಲ. ಹಿಂದಿನ ವಾರ ಯಾರೋ ಒಂದು ಯಂತ್ರವನ್ನು ಎಳೆದು ಸಾಗಿಸುವಾಗ ಹಾದಿಯ ಅಂಚು ಕುಸಿದಿತ್ತು. ಯಂಕೋಬ ನೆಲಕ್ಕೆ ಟಾರ್ಚ್ ಹಿಡಿದು ಹೆಜ್ಜೆ ನೋಡಿ ಇಡುತ್ತಿದ್ದ. ಅದು ನಮಗೆ ಆಮೇಲೆ ತಿಳಿದದ್ದು.

"ಎರಡು ಫ್ರೇಮು ಹಾಳಾದ್ವು," ಎಂದು ದೇಸಾಯಿಯವರು ಲ್ಯಾಪ್‌ಟಾಪಿನ ಮುಂದೆ ಕೂತಲ್ಲೇ ಸಿಡುಕಿದರು. "ಮೂರು ವರ್ಷ ಕಾದೇನಿ ಇದಕ್ಕ. ನಿನ್ನ ದನಿ ದೊಡ್ಡದದ, ಕೂಗು ರಾಜಾಸಾಬ."

ರಾಜಾಸಾಬರು ಎದ್ದು ನಿಂತು, ಬಾಯಿಗೆ ಕೈ ಒಡ್ಡಿ ಕೂಗಿದರು. "ಯಂಕೋಬಾ! ಲೈಟ್ ಆರಸೋ! ಸರ್ ಫೋಟೋ ಹಿಡ್ಯಾಕ ಹತ್ಯಾರ!"

ದಿಬ್ಬದಿಂದ ಉತ್ತರ ಬಂತು. "ಆತ್ರೀ ಸರಾ!"

ಬೆಳಕು ಆರಿತು. ಅದು ಇಪ್ಪತ್ತಮೂರನೆಯ ಫ್ರೇಮು.

ಆಮೇಲೆ ಕ್ಯಾಮೆರಾದ ಫ್ಯಾನಿನ ಗುಯ್‌ಗುಟ್ಟುವಿಕೆ ಬಿಟ್ಟರೆ ಏನೂ ಕೇಳಲಿಲ್ಲ. ಹತ್ತು ನಿಮಿಷವಾದರೂ ಯಂಕೋಬ ಬರಲಿಲ್ಲ. ರಾಜಾಸಾಬರಿಗೆ ಸಮಾಧಾನವಿರಲಿಲ್ಲ.

"ಇನ್ನೂ ಬರಲಿಲ್ಲಲ್ರಿ ಸರ. ಹೋಗಿ ನೋಡಿ ಬರ್ಲ್ಯಾ?"

"ಸಿಟ್ಟಾಗಿ ತಿರುಗಿ ಹೋಗಿರ್ತಾನ. ನೀ ಈಗ ಲೈಟ್ ಹಚ್ಚಿ ಹೋದಿ ಅಂದ್ರ ಮತ್ತ ಹಾಳು. ಇನ್ನ ಇಪ್ಪತ್ನಾಕು ಅದಾವ, ಕೂಡು."

ರಾಜಾಸಾಬರು ಕೂತರು. ಉಳಿದವೆಲ್ಲ ಒಂದಕ್ಕಿಂತ ಒಂದು ಚೊಕ್ಕ ಬಂದವು. ನಾನು ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಿಲ್ಲ. ಮುಗಿದ ಮೇಲೆ ದಿಬ್ಬದ ಕಡೆ ಹೋಗದೆ, ಎಲ್ಲ ಕಟ್ಟಿಕೊಂಡು ಗುಡ್ಡ ಇಳಿದೆವು.

ಮರುದಿನ ಯುಗಾದಿ. ಮಧ್ಯಾಹ್ನದ ಹೊತ್ತಿಗೆ ಕ್ವಾರಿಯ ನೀರಿನಲ್ಲಿ ಯಂಕೋಬನ ಹೆಣ ಸಿಕ್ಕಿದ ಸುದ್ದಿ ಬಂತು.

ದೇಸಾಯಿಯವರು ಅಷ್ಟರಲ್ಲಿ ಐವತ್ತು ಫ್ರೇಮುಗಳನ್ನೂ ಒಂದರ ಮೇಲೊಂದು ಕೂಡಿಸುವ ಕೆಲಸಕ್ಕೆ ಹಚ್ಚಿದ್ದರು. ಆ ಸಾಫ್ಟ್‌ವೇರಿನ ನ್ಯಾಯ ಬಹಳ ಸರಳ. ಎಲ್ಲ ಫ್ರೇಮುಗಳಲ್ಲೂ ಇರುವುದನ್ನು ಉಳಿಸಿಕೊಳ್ಳುತ್ತದೆ, ಒಂದೆರಡರಲ್ಲಿ ಮಾತ್ರ ಇರುವುದನ್ನು ಕಸವೆಂದು ಕಿತ್ತು ಹಾಕುತ್ತದೆ. ವಿಮಾನ, ಉಪಗ್ರಹ, ಉಲ್ಕೆ, ಯಾವುದಕ್ಕೂ ಬಿಡುಗಡೆ ಇಲ್ಲ. ಯಂಕೋಬನ ಬೆಳಕನ್ನೂ ಅದು ಕಿತ್ತು ಹಾಕಿತು, ಅದೇ ಫ್ರೇಮಿನ ನಕ್ಷತ್ರಗಳನ್ನು ಮಾತ್ರ ಇಟ್ಟುಕೊಂಡಿತು. ಹಾಗಾದರೆ ಆ ಫ್ರೇಮುಗಳು ಹಾಳಾಗಿರಲೇ ಇಲ್ಲ. ಇದು ಗೊತ್ತಿದ್ದೂ ಸಿಡುಕುವುದು, ಕೂಗುವುದು ನಕ್ಷತ್ರದ ಫೋಟೋದವರ ಚಾಳಿ. ಬಿಳಿ ಬೆಳಕು ಕಂಡರೆ ಅವರಿಗೆ ಕೈ ಸುಟ್ಟಂತಾಗುತ್ತದೆ.

ಸುದ್ದಿ ಕೇಳಿದ ಮೇಲೆ ದೇಸಾಯಿಯವರು ಇಪ್ಪತ್ತಮೂರನೆಯದನ್ನು ಒಂದೇ ತೆರೆದು ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ತ್ರಿಶಂಕುವಿನ ಕೆಳಗೆ, ದಿಬ್ಬದ ಮೇಲೆ, ಸಣ್ಣಗೆ ಅಲುಗಾಡುವ ಬೆಳಕಿನ ಗೆರೆ. ಅದು ಎಡಕ್ಕೆ ಬಲಕ್ಕೆ ತೂರಾಡಿರಲಿಲ್ಲ, ಕ್ವಾರಿಯತ್ತ ತಿರುಗಿರಲಿಲ್ಲ. ಹಾದಿ ಹಿಡಿದು ನಮ್ಮ ಕಡೆಗೇ ಬರುತ್ತಿತ್ತು. ಒಂದು ಜಾಗದಲ್ಲಿ ಥಟ್ಟನೆ ನಿಂತಿತ್ತು. ಬೆಳಕು ಹೊತ್ತಿಕೊಂಡೇ ಬಿದ್ದಿದ್ದರೆ ಗೆರೆ ಕೆಳಕ್ಕೆ ಇಳಿಯುತ್ತಿತ್ತು. ಇಳಿದಿರಲಿಲ್ಲ. ಹೇಳಿದ ಮಾತು ಕೇಳಿ ಆರಿಸಿದ್ದ, ಆಮೇಲೆ ಹೆಜ್ಜೆ ಇಟ್ಟಿದ್ದ. ಭೌತಶಾಸ್ತ್ರ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಸಾಯಿಯವರು ಲ್ಯಾಪ್‌ಟಾಪ್ ಮುಚ್ಚಿದರು.

ಹಳ್ಳಿಯಲ್ಲಿ ಬೇರೆಯದೇ ಮಾತು ಹುಟ್ಟಿತ್ತು. ಅಮಾವಾಸ್ಯೆಯ ಸಂಜೆ ಯಂಕೋಬ ಮನೆಗೆ ಸುಣ್ಣ ಹಚ್ಚುವುದನ್ನು ಅರ್ಧಕ್ಕೆ ಬಿಟ್ಟು ಕಾವಲಿಗೆ ಹೊರಟಿದ್ದ. ಹೆಂಡತಿ ಹುಲಿಗೆಮ್ಮ ಸಿಟ್ಟಿನಲ್ಲಿ, ಹೋಗಿ ಆ ಕ್ವಾರಿಯಲ್ಲೇ ಬಿದ್ದು ಸಾಯಿ ಎಂದಿದ್ದಳು. ಓಣಿಯವರೆಲ್ಲ ಕೇಳಿಸಿಕೊಂಡಿದ್ದರು. ಹೆಂಡತಿಯ ಬಾಯಿಗೆ ಬೇಸತ್ತು ಹಾರಿಕೊಂಡ ಎಂದು ಎಲ್ಲರೂ ಒಪ್ಪಿದರು. ಪೊಲೀಸರ ಕಾಗದದಲ್ಲೂ ಹಾಗೇ ಬರೆದರಂತೆ. ಅತ್ತೆ ಸೊಸೆಯ ಸಂಗಡ ಮಾತು ಬಿಟ್ಟಳು.

ಹದಿನೈದು ದಿನದ ಮೇಲೆ ಹುಲಿಗೆಮ್ಮ ಕಾಲೇಜಿಗೆ ಬಂದಳು. ದೇಸಾಯಿಯವರು ಪ್ರಯೋಗಾಲಯದಲ್ಲಿ ನನ್ನನ್ನು ಒರೆಸುತ್ತ ಕೂತಿದ್ದರು. ಅವಳು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಗೋಡೆ ಹಿಡಿದು ನಿಂತಳು.

"ಅವತ್ತು ಅಂವ ನಿಮ್ಮ ಹತ್ರ ಬಂದಿದ್ನೇನ್ರಿ ಸರ?"

"ಇಲ್ಲಮ್ಮಾ. ಬಂದಿದ್ದಿಲ್ಲ."

"ಅತ್ಲಾಗ ದಿಬ್ಬದ ಮ್ಯಾಲೆ ಲೈಟರ ಕಂಡಿತ್ತೇನ್ರಿ? ನಿಮ್ಮ ಕಡೆ ಬರಾಕ ಹತ್ತಿದ್ನೇನೋ ಅಂತ ಒಂದು ಆಸೆ."

ದೇಸಾಯಿಯವರ ಕೈಯಲ್ಲಿದ್ದ ಬಟ್ಟೆ ನನ್ನ ಮುಂಗಾಜಿನ ಮೇಲೆ ನಿಂತಿತು.

"ಇಲ್ಲ. ನಾವು ಮ್ಯಾಲೆ ನೋಡ್ಕೋತ ಇದ್ವಿ."

ಹುಲಿಗೆಮ್ಮ ತಲೆಯಾಡಿಸಿದಳು. "ಹಂಗಾದ್ರ ನನ್ನ ಮಾತೇ ಹತ್ತೇತಿ ಅವಗ. ನಾ ಅಂದದ್ದನ್ನ ಖರೇ ಮಾಡ್ಯಾನ," ಎಂದು ಕೈಮುಗಿದು ಹೋದಳು. ಸುಳ್ಳು ಹೇಳಿದವರಿಗೆ ಕೈಮುಗಿದು ಹೋದಳು. ನನಗೆ ಬಾಯಿ ಇಲ್ಲವಲ್ಲ ಎಂದು ಮೊದಲ ಬಾರಿಗೆ ಸಂಕಟಪಟ್ಟದ್ದು ಆವತ್ತು.

ಆ ಸಂಜೆ ರಾಜಾಸಾಬರು ಬಂದು ಜಗಳ ತೆಗೆದರು. ಅವರೂ ಆ ಗೆರೆಯನ್ನು ನೋಡಿದ್ದರು.

"ಹೇಳಿಬಿಡ್ರಿ ಸರ. ಆ ಹೆಣ್ಮಗಳು ಮಂದಿ ಬಾಯಾಗ ಬಿದ್ದು ಸಾಯಾಕ ಹತ್ಯಾಳ. ನೀವು ಹೇಳದಿದ್ರ ನಾ ಹೇಳ್ತೀನಿ."

"ಹೇಳು. ಆದ್ರ ಕೂಗಿದವ ಯಾರು, ಅದನ್ನೂ ಹೇಳು," ಎಂದರು ದೇಸಾಯಿಯವರು.

ಹೆಂಡತಿ, ಮಕ್ಕಳು, ಬಸ್ ಸ್ಟ್ಯಾಂಡಿನ ಅಂಗಡಿ ಎಲ್ಲ ರಾಜಾಸಾಬರ ಕಣ್ಣ ಮುಂದೆ ಹಾದುಹೋಗಿರಬೇಕು. ಮೆಟ್ಟಿಲಿಳಿದು ಹೋದರು. ಮತ್ತೆ ಗುಡ್ಡಕ್ಕೆ ಬರಲಿಲ್ಲ.

ಫೋಟೋ ಹೆಸರು ಮಾಡಿತು. ಪತ್ರಿಕೆಯಲ್ಲಿ ಬಂತು, ದೊಡ್ಡದಾಗಿ ಮುದ್ರಿಸಿ ಕಾಲೇಜಿನ ಹಜಾರದಲ್ಲಿ ತೂಗುಹಾಕಿದರು, ದೇಸಾಯಿಯವರಿಗೆ ಶಾಲು ಹೊದಿಸಿದರು. ಹಳೆಯ ಲೆನ್ಸಿನಲ್ಲಿ ಇಷ್ಟು ಚೆಂದ ತೆಗೆದದ್ದು ಹೇಗೆ ಎಂದು ದೂರದ ಊರುಗಳಿಂದ ಕೇಳಿ ಬರೆದರು. ಹಿಂದಿನ ಕಾಲವಾಗಿದ್ದರೆ ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ದೇಸಾಯಿಯವರು ಮುಂದೆ ಎರಡು ಸಲ ಒಬ್ಬರೇ ನನ್ನನ್ನು ಹೊರಗೆ ಒಯ್ದರು, ಬೇರೆ ಬಯಲಿಗೆ. ಎರಡು ಸಲವೂ ಪರದೆಯ ಕೆಳಗಂಚನ್ನೇ ನೋಡುತ್ತ ಕೂತು, ಅರ್ಧ ತಾಸಿಗೆ ಎಲ್ಲ ಕಟ್ಟಿ ಎದ್ದರು. ಆಮೇಲೆ ಚೀಲದ ಬಾಯಿ ತೆರೆಯಲಿಲ್ಲ. ಐದು ವರ್ಷ ನಾನೂ ಕೆಂಪು ಡಬ್ಬಿಯೂ ಲ್ಯಾಪ್‌ಟಾಪೂ ಒಂದೇ ಚೀಲದೊಳಗೆ ಕತ್ತಲಲ್ಲಿದ್ದೆವು.

ಚೀಲ ತೆರೆಸಿದವರು ರಾಜಾಸಾಬರು. ಮುಪ್ಪಿನಲ್ಲಿ ಅವರಿಗೆ ಹಜ್‌ಗೆ ಹೋಗುವ ಯೋಗ ಬಂದಿತ್ತು. ಹೊರಡುವ ಮುಂಚೆ ನೆಂಟರು, ನೆರೆಯವರು, ಮನಸ್ಸು ನೋಯಿಸಿದವರು, ಎಲ್ಲರ ಮನೆಗೂ ಹೋಗಿ ಮಾಫಿ ಕೇಳಿ ಬರಬೇಕು. ಅವರು ಇಡೀ ಓಣಿ ಮುಗಿಸಿ ಕೊನೆಗೆ ದೇಸಾಯಿಯವರ ಮನೆಗೆ ಬಂದಿದ್ದರು.

"ಒಂದು ಮನಿ ಉಳದೈತಿ ಸರ. ಅದನ್ನ ಬಿಟ್ಟು ಹೋದ್ರ ನಾ ಹೋದದ್ದು ಹೋದಂಗ ಆಗಂಗಿಲ್ಲ. ನಾಳೆ ಹುಲಿಗೆಮ್ಮನ ಮನಿಗೆ ಹೊಂಟೀನಿ. ನಿಮ್ಮ ಹೆಸರು ಹೇಳಂಗಿಲ್ಲ, ನಂದಷ್ಟೇ ಹೇಳ್ತೀನಿ. ಬರೂದು ಬಿಡೂದು ನಿಮ್ಮ ಮರ್ಜಿ."

ದೇಸಾಯಿಯವರು ಆ ರಾತ್ರಿ ಮಲಗಲಿಲ್ಲ, ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಕೂತರು. ಬೆಳಿಗ್ಗೆ ಚೀಲ ಹೆಗಲಿಗೇರಿಸಿದರು. ಧೈರ್ಯ ಬಂದು ಹೋದರು ಎಂದು ನಾನು ಹೇಳಲಾರೆ. ಒಬ್ಬನೇ ಉಳಿಯುವ ಹೆದರಿಕೆಗೆ ಹೋದರು.

ಒಂದೇ ಅಂಕಣದ ಮನೆ. ಹುಲಿಗೆಮ್ಮ ಕಂಬಳಿ ಹಾಸಿ, ಎರಡು ತಂಬಿಗೆ ನೀರು ತಂದಿಟ್ಟಳು. ರಾಜಾಸಾಬರು ಕುಡಿದರು, ದೇಸಾಯಿಯವರು ಮುಟ್ಟಲಿಲ್ಲ. ರಾಜಾಸಾಬರು ಕೈಜೋಡಿಸಿ ಎಲ್ಲವನ್ನೂ ಹೇಳಿದರು. ಬರುತ್ತಿದ್ದ, ಕೂಗಿದೆ, ಆರಿಸಿದ, ಹೋಗಿ ನೋಡಲಿಲ್ಲ.

"ಕೂಗು ಅಂದವ ನಾನು," ಎಂದರು ದೇಸಾಯಿಯವರು. ಲ್ಯಾಪ್‌ಟಾಪ್ ತೆರೆದು ಅವಳ ಮುಂದೆ ಇಟ್ಟು, ಗೆರೆಯನ್ನು ಬೆರಳಿನಿಂದ ತೋರಿಸಿದರು.

ಅವಳು ಹತ್ತಿರ ಬಗ್ಗಿದಳು. ಎಷ್ಟೋ ಹೊತ್ತು ನೋಡಿದಳು. ಗೆರೆ ಹಾದಿಯಲ್ಲಿ ಎಲ್ಲೆಲ್ಲಿ ಬಾಗಿತ್ತೋ ಅಲ್ಲೆಲ್ಲ ಅವಳ ಬೆರಳೂ ಬಾಗಿತು.

"ಸಾವಕಾಶ ನಡದಾನ," ಎಂದಳು. "ಸಿಟ್ಟಾದವ ಹಿಂಗ ನಡಿಯಂಗಿಲ್ಲ."

ಆಮೇಲೆ ಅವಳು ರಾಜಾಸಾಬರ ಕಡೆ ತಿರುಗಿದಳು. "ನೀ ಹೋಗಿ ಬಾರಪ್ಪ ಅಣ್ಣಾ. ನನ್ನ ಕಡಿಂದ ನಿನಗ ಏನೂ ಇಲ್ಲ."

ರಾಜಾಸಾಬರು ಮುಖ ಮುಚ್ಚಿಕೊಂಡು ಅತ್ತರು. ಅವಳು ದೇಸಾಯಿಯವರನ್ನು ನೋಡಿದಳು.

"ಇದನ್ನ ಐದು ವರ್ಷ ಎಲ್ಲಿ ಇಟ್ಟಿದ್ರಿ ಸರ?"

ದೇಸಾಯಿಯವರು ಚೀಲ ನೋಡಿದರು.

"ಮಂದೀದು ಹೋಗ್ಲಿ ಬಿಡ್ರಿ. ನಮ್ಮ ಅತ್ತಿಗೊಂದು ತೋರಸಬೇಕಾಗಿತ್ತು. ಹ್ವಾದ ದೀಪಾವಳಿಗೆ ಸತ್ಲು. ಮೂರು ದಿನ ಜೀವ ಹಿಡಕೊಂಡಿದ್ಲು, ಬಾಯಿ ಒಣಗಿತ್ತು. ಮನ್ಯಾಗ ನನ್ನ ಬಿಟ್ರ ಯಾರೂ ಇದ್ದಿಲ್ಲ. ಚಮಚಾದಾಗ ನೀರು ಹಿಡಿದ್ರ ತುಟಿ ಬಿಗಿ ಹಿಡೀತಿದ್ಲು. ಮಗನ್ನ ತಿಂದ ಕೈ ಅಂತ ನನ್ನ ಕೈಯಾಗಿನ ನೀರು ಕುಡೀದೇ ಹ್ವಾದ್ಲು."

ಅಷ್ಟು ಹೇಳಿ ಅವಳು ಹಾಗೇ ಉಳಿದಿದ್ದ ತಂಬಿಗೆಯನ್ನು ಎತ್ತಿ ದೇಸಾಯಿಯವರ ಮುಂದೆ ಹಿಡಿದಳು.

"ನೀವರ ಕುಡೀರಿ."

ಅವರು ಎರಡೂ ಕೈಯಲ್ಲಿ ಇಸಿದುಕೊಂಡು ಕುಡಿದರು. ಪೂರ್ತಿ ಕುಡಿಯುವವರೆಗೂ ಅವಳು ನಿಂತು ನೋಡಿದಳು.

ಈಗ ನಾನು ದೇಸಾಯಿಯವರ ಮನೆಯ ಅಟ್ಟದ ಮೇಲಿದ್ದೇನೆ. ಕೆಂಪು ಡಬ್ಬಿಯನ್ನು ಯಾರಿಗೋ ಕೊಟ್ಟರು. ಮರುವಾರ ಹಜಾರದ ಫೋಟೋವನ್ನು ತಾವೇ ಇಳಿಸಿ, ಯಾಕೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟರಂತೆ. ನನ್ನ ಬಳೆಗೆ ಸುತ್ತಿದ ಟೇಪು ಅಂಟು ಬಿಟ್ಟಿದೆ, ಬೂಷ್ಟು ಮೂರನೆಯ ಗಾಜಿಗೆ ಹಬ್ಬಿದೆ, ಇನ್ನು ಯಾರ ಮುಖವೂ ನನಗೆ ಸರಿಯಾಗಿ ಕಾಣಲಿಕ್ಕಿಲ್ಲ. ಅದಕ್ಕೆ ದುಃಖವಿಲ್ಲ. ಆ ರಾತ್ರಿ ಎಲ್ಲರೂ ಮೇಲೆ ನೋಡುತ್ತಿದ್ದಾಗ ಕೆಳಗಿನದನ್ನೂ ನೋಡಿದವನು ನಾನೊಬ್ಬನೇ, ನೋಡಿದ್ದನ್ನು ತಪ್ಪಿಲ್ಲದೆ ಹಿಡಿದುಕೊಟ್ಟೆ ಎಂದು ಚೀಲದೊಳಗೆ ಇಷ್ಟು ವರ್ಷ ಬೀಗುತ್ತಿದ್ದೆ. ಒಬ್ಬ ಮುದುಕಿ ಮೂರು ದಿನ ತುಟಿ ಬಿಗಿದುಕೊಂಡು, ಬಾಯಾರಿಕೊಂಡೇ ಸತ್ತಳು ಎಂದು ಕೇಳಿದ ಮೇಲೆ ಆ ಹೆಮ್ಮೆಯೂ ಉಳಿದಿಲ್ಲ.